ಕೋರಿ ಮೊಟ್ಟೆ ಕೈಕೊಟ್ಟಿತಾ? ಔಷಧಿಗಿಂತ ಮೊದಲು ಕ್ಯಾಲೆಂಡರ್ ನೋಡಿ

ಮಂಡ್ಯದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಅವನೂ ನನ್ನ ಹಾಗೆ ಮನೆಯ ಗಾಜಿನ ಟ್ಯಾಂಕಿನಲ್ಲಿ ಕೋರಿ ಸಾಕುತ್ತಾನೆ. ತಳದಲ್ಲಿ ಓಡಾಡುವ, ಮೀಸೆ ಇರುವ ಸಣ್ಣ ಮೀನು ಅದು. "ಮಾವ, ಮೊಟ್ಟೆ ಎಲ್ಲಾ ಸುಣ್ಣ ಬಳ್ದಂಗೆ ಬೆಳ್ಳಗಾಗವೆ. ನೀಲಿ ಔಷಧಿ ಎರಡು ಸಲ ಬಿಟ್ಟೆ, ಏನೂ ಉಪಯೋಗ ಇಲ್ಲ."

"ಯಾವತ್ತು ಇಟ್ಟಿದ್ದು, ಯಾವತ್ತು ಬೆಳ್ಳಗಾಗಿದ್ದು?" ಅಂತ ಕೇಳಿದೆ.

"ಅದೆಲ್ಲಾ ಯಾರ್ ಬರ್ಕೊಂಡವ್ರೆ ಮಾವ?"

ನಾನೂ ಮೊದಲೆರಡು ವರ್ಷ ಏನೂ ಬರೆದಿಡಲಿಲ್ಲ. ಮರಿ ಸತ್ತರೆ ಅಂಗಡಿಗೆ ಓಡುವುದು, ಒಂದು ಬಾಟಲಿ ತಂದು ಸುರಿಯುವುದು, ಮತ್ತೆ ಸಾಯುವುದು. ಕೋರಿ ಮರಿ ಮಾಡಿಸುವುದರಲ್ಲಿ ಏನು ಕೆಟ್ಟಿತು ಅನ್ನುವುದು ಎಷ್ಟನೇ ದಿನ ಕೆಟ್ಟಿತು ಅನ್ನುವುದರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಅದಕ್ಕೇ ಈ ಕೈಪಿಡಿಯನ್ನು ರೋಗದ ಹೆಸರಿನ ಮೇಲೆ ಬರೆದಿಲ್ಲ, ದಿನದ ಲೆಕ್ಕದ ಮೇಲೆ ಬರೆದಿದ್ದೇನೆ.

ನನ್ನದು ಮೈಸೂರಿನ ಕುವೆಂಪುನಗರದ ಮನೆ. ಹಿಂದಿನ ಕೋಣೆಯಲ್ಲಿ ನಾಲ್ಕು ಟ್ಯಾಂಕ್ ಇವೆ. ಸಾಕಿರುವುದು ಬ್ರಾಂಜ್, ಪೆಪ್ಪರ್ಡ್ ಮತ್ತು ಸ್ಟರ್ಬೈ ಅನ್ನುವ ಮೂರು ಜಾತಿಯ ಕೋರಿ. ಪಾಂಡಾ ಕೋರಿ ಒಮ್ಮೆ ಸಾಕಿ ಏಪ್ರಿಲ್ ಬಿಸಿಲಿಗೆ ಕೈಮುಗಿದೆ. ಈಗ ಹುಡುಕುವಾಗ ಒಂದು ಗೊಂದಲ ಆಗಬಹುದು. 2024ರಲ್ಲಿ ವಿಜ್ಞಾನಿಗಳು ಕೋರಿಡೋರಸ್ ಅನ್ನುವ ದೊಡ್ಡ ಕುಲವನ್ನು ಪಾಲು ಮಾಡಿದರು. ಬ್ರಾಂಜ್ ಈಗ ಆಸ್ಟಿಯೋಗ್ಯಾಸ್ಟರ್ ಆಗಿದೆ. ಪೆಪ್ಪರ್ಡ್, ಪಾಂಡಾ, ಸ್ಟರ್ಬೈ ಮೂರೂ ಹಾಪ್ಲಿಸೋಮಾ ಆಗಿವೆ. ಅಂಗಡಿಯಲ್ಲಿ ಮಾತ್ರ ಎಲ್ಲವೂ ಇನ್ನೂ ಕೋರಿಯೇ. ನಾವೂ ಹಾಗೇ ಕರೆಯೋಣ.

ಒಟ್ಟಿಗೆ ಸತ್ತವಾ, ಒಂದೊಂದಾಗಿ ಸತ್ತವಾ?

ದಿನ ಕೇಳುವ ಮೊದಲು ಈ ಒಂದು ಪ್ರಶ್ನೆ ಕೇಳಿಕೊಳ್ಳಿ. ದಿನಾ ಒಂದೆರಡು ಸಾಯುತ್ತಿದ್ದರೆ ಕೊಳೆ, ಊಟ ಅಥವಾ ನೀರಿನ ಗುಣ. ರಾತ್ರಿ ಬೆಳಗಾಗುವುದರೊಳಗೆ ಎಲ್ಲವೂ ಸತ್ತಿದ್ದರೆ ರೋಗ ಅಂತ ಹುಡುಕಬೇಡಿ. ರೋಗ ಹಾಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಅದು ಒಂದೋ ಕರೆಂಟ್ ಹೋಗಿ ಗಾಳಿ ನಿಂತಿರಬೇಕು, ಇಲ್ಲಾ ಕ್ಲೋರಿನ್ ನೀರು ಬಿದ್ದಿರಬೇಕು, ಇಲ್ಲಾ ವಿಷ ಸೇರಿರಬೇಕು.

ವಿಷ ಅಂದರೆ ಯಾರೋ ಬಂದು ಹಾಕಬೇಕಾಗಿಲ್ಲ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ನಮ್ಮ ಕೋಣೆಯಲ್ಲಿ ಪಂಪಿನ ಪಕ್ಕದ ಪ್ಲಗ್ಗಿಗೇ ಸೊಳ್ಳೆ ಓಡಿಸುವ ಮೆಷಿನ್ ಸಿಕ್ಕಿಸಿದ್ದೆವು. ಇಂಥ ದ್ರಾವಣ, ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ಔಷಧಿ ನಮಗೆ ಅಷ್ಟಾಗಿ ತಾಕುವುದಿಲ್ಲ, ಮೀನಿಗೆ ಕಡು ವಿಷ. ಎರಡು ವಾರದ ಅರವತ್ತು ಮರಿ ಒಂದೇ ರಾತ್ರಿಯಲ್ಲಿ ಹೋದವು. ದೊಡ್ಡ ಮೀನುಗಳು ದಿನವಿಡೀ ಮೇಲೆ ಕೆಳಗೆ ಹಾರಾಡಿ ಉಳಿದುಕೊಂಡವು. ಪಂಪನ್ನು ಹೊರಗಿನ ಕಿಟಕಿಯ ಹತ್ತಿರ ಇಟ್ಟು, ಟ್ಯೂಬನ್ನು ಮಾತ್ರ ಒಳಗೆ ತಂದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ದಸರಾ ಮುಂಚೆ ಮನೆಗೆ ಬಣ್ಣ ಹೊಡೆಸುವಾಗಲೂ ಇದೇ ಎಚ್ಚರಿಕೆ ಬೇಕು.

ಕರೆಂಟ್ ವಿಷಯ ಬೇರೆ ಹೇಳಬೇಕಿಲ್ಲ ಅಲ್ವಾ. ಮರಿ ಡಬ್ಬಕ್ಕೆ ಒಂದು ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ.

ಮೊಟ್ಟೆಯೇ ಇಡುತ್ತಿಲ್ಲ

ಮೊದಲು ಟ್ಯಾಂಕಿನ ಮೇಲೆ ನಿಂತು ಕೆಳಗೆ ನೋಡಿ. ಎದುರಿಂದ ನೋಡಿದರೆ ಎಲ್ಲಾ ಕೋರಿಯೂ ಒಂದೇ ಥರ ಕಾಣುತ್ತವೆ. ಮೇಲಿಂದ ನೋಡಿದರೆ ಹೆಣ್ಣಿನ ಹೊಟ್ಟೆ ಎರಡೂ ಕಡೆ ಉಬ್ಬಿರುತ್ತದೆ, ಗಾತ್ರವೂ ತುಸು ದೊಡ್ಡದು. ಗಂಡು ಸಣಕಲು. ಒಂದು ಹೆಣ್ಣಿಗೆ ಎರಡು ಗಂಡು ಇದ್ದರೆ ಒಳ್ಳೆಯದು. ಅಂಗಡಿಯಿಂದ ಎರಡೇ ಎರಡು ತಂದು ಜೋಡಿ ಅಂದುಕೊಂಡರೆ ಆಗುವುದಿಲ್ಲ. ಇವು ಗುಂಪಿನ ಮೀನು. ಒಂದೇ ಜಾತಿಯದ್ದು ಆರಾದರೂ ಬೇಕು. ಎರಡು ಬ್ರಾಂಜ್, ಎರಡು ಪೆಪ್ಪರ್ಡ್, ಎರಡು ಪಾಂಡಾ ಸೇರಿಸಿದರೆ ಆರು ಅಂತ ಲೆಕ್ಕ ಹಾಕುವವರಿದ್ದಾರೆ. ಆ ಲೆಕ್ಕ ಮೀನಿಗೆ ಗೊತ್ತಿಲ್ಲ.

ಆಮೇಲೆ ವಯಸ್ಸು. ಅಂಗಡಿಯಲ್ಲಿ ಸಿಗುವ ಬೆರಳಿನ ಗಿಣ್ಣು ಗಾತ್ರದ ಮೀನು ಇನ್ನೂ ಮಗು. ಸುಮಾರು ಒಂದು ವರ್ಷವಾದರೂ ಆಗಲಿ.

ಇವೆರಡೂ ಸರಿ ಇದ್ದರೆ ಉಳಿಯುವುದು ಊಟ ಮತ್ತು ಮಳೆ. ಬರೀ ಅಂಗಡಿಯ ಗುಳಿಗೆ ಊಟ ಹಾಕಿದರೆ ಹೆಣ್ಣಿಗೆ ಮೊಟ್ಟೆ ಕಟ್ಟುವುದು ನಿಧಾನ. ಎರಡು ವಾರ ಫ್ರೋಜನ್ ಬ್ಲಡ್‌ವರ್ಮ್ (ಸಣ್ಣ ಕೆಂಪು ಹುಳು) ಕೊಡಿ, ಅಥವಾ ಹಿತ್ತಲ ಕುಂಡದ ಎರೆಹುಳುವನ್ನು ತೊಳೆದು ಸಣ್ಣಗೆ ಕತ್ತರಿಸಿ ಕೊಡಿ. ಚರಂಡಿ ನೀರಿನಲ್ಲಿ ಬೆಳೆದ ಟ್ಯುಬಿಫೆಕ್ಸ್ ಹುಳು ಮಾತ್ರ ನಾನು ಹಾಕುವುದಿಲ್ಲ. ಅಗ್ಗ ಅಂತ ತಂದು ಒಂದು ಸಲ ಹೊಟ್ಟೆ ಕೆಂಪಾದ ಮೀನು ನೋಡಿದ್ದೇನೆ. ಸಾಕು.

ಮಳೆ ಅಂದರೆ ತಣ್ಣೀರು. ಇವುಗಳ ಊರು ದಕ್ಷಿಣ ಅಮೆರಿಕ. ಅಲ್ಲಿ ಮಳೆಗಾಲ ಬಂದು ಹೊಳೆಗೆ ತಣ್ಣನೆಯ ಹೊಸ ನೀರು ಸೇರಿದಾಗ ಮೊಟ್ಟೆ ಇಡುತ್ತವೆ. ನಾವು ಅದನ್ನೇ ನಾಟಕ ಆಡಬೇಕು. ಮೂರನೇ ಒಂದು ಭಾಗದಿಂದ ಅರ್ಧದಷ್ಟು ನೀರು ತೆಗೆದು, ಟ್ಯಾಂಕಿಗಿಂತ ಮೂರು ನಾಲ್ಕು ಡಿಗ್ರಿ ತಣ್ಣಗಿರುವ ನೀರು ಹಾಕಬೇಕು. ಎರಡು ದಿನ ಬಿಟ್ಟು ಮತ್ತೆ. ಮೋಡ ಕಟ್ಟಿ ಮಳೆ ಬರುವ ಹಾಗಿರುವ ದಿನ ಮಾಡಿದರೆ ಫಲ ಜಾಸ್ತಿ. ಗಾಳಿಯ ಒತ್ತಡ ಇಳಿಯುವುದು ಇವಕ್ಕೆ ತಿಳಿಯುತ್ತದೆ ಅಂತ ಸಾಕುವವರು ಹೇಳುತ್ತಾರೆ. ನಮ್ಮಲ್ಲಿ ಮೇ ತಿಂಗಳ ಗುಡುಗು ಮಳೆ ಮತ್ತು ಅಕ್ಟೋಬರ್ ಮಳೆ, ಈ ಎರಡು ಹೊತ್ತಿನಲ್ಲಿ ನನ್ನ ಪೆಪ್ಪರ್ಡ್ ತಪ್ಪಿಸಿದ್ದೇ ಇಲ್ಲ.

ಇಲ್ಲಿ ಒಂದು ತಮಾಷೆಯ ತಪ್ಪಿದೆ, ನಾನೇ ಮಾಡಿದ್ದು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ನಲ್ಲಿ ತಿರುಗಿಸಿ "ತಣ್ಣೀರು" ಹಾಕುತ್ತಿದ್ದೆ. ತಾರಸಿಯ ಕಪ್ಪು ಟ್ಯಾಂಕಿನಿಂದ ಇಳಿದು ಬಂದ ಆ ನೀರು ಸ್ನಾನಕ್ಕೆ ಆಗುವಷ್ಟು ಬಿಸಿ ಇತ್ತು. ಥರ್ಮಾಮೀಟರ್ ಅದ್ದಿ ನೋಡಿದ ಮೇಲೇ ಗೊತ್ತಾಗಿದ್ದು. ಈಗ ಹಿಂದಿನ ರಾತ್ರಿ ನೀರು ಹಿಡಿದು ಮಣ್ಣಿನ ಮಡಕೆಯಲ್ಲಿ ಇಡುತ್ತೇನೆ. ಬೆಳಗಿನ ಜಾವಕ್ಕೆ ಬೇಕಾದಷ್ಟು ತಣ್ಣಗಾಗಿರುತ್ತದೆ.

ಯಾವ ಜಾತಿ ಅನ್ನುವುದೂ ಮುಖ್ಯ. ಪೆಪ್ಪರ್ಡ್ ತಂಪು ನೀರಿನ ಮೀನು. 1870ರ ದಶಕದಲ್ಲೇ ಪ್ಯಾರಿಸ್‌ನಲ್ಲಿ ಕಾರ್ಬೋನಿಯೆ ಎಂಬಾತ ಇದನ್ನು ಮರಿ ಮಾಡಿಸಿದ್ದರು. ಆಗ ಈಗಿನ ಥರದ ಕರೆಂಟ್ ಹೀಟರ್ ಎಲ್ಲಿತ್ತು? ಅದಕ್ಕೆ 20ರಿಂದ 23 ಡಿಗ್ರಿ ಸಾಕು. ನಮ್ಮ ಡಿಸೆಂಬರ್, ಜನವರಿ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬ್ರಾಂಜ್ 26ರವರೆಗೂ ಆರಾಮ. ಸ್ಟರ್ಬೈ 28 ಇದ್ದರೂ ಸಹಿಸುತ್ತದೆ. ಪಾಂಡಾಗೆ 25 ದಾಟಿದರೆ ಕಷ್ಟ.

ಸಂಜೆ ಇದ್ದವು, ಬೆಳಿಗ್ಗೆ ಇಲ್ಲ

ತಿಂದಿವೆ. ಅಷ್ಟೇ. ಅಪ್ಪ ಅಮ್ಮನೇ ತಿನ್ನುತ್ತವೆ. ಜೊತೆಗೆ ಏಂಜಲ್, ಟೆಟ್ರಾ ಥರದ ಬೇರೆ ಮೀನು ಇದ್ದರಂತೂ ಕೇಳಲೇಬೇಡಿ. ಗಾಜಿಗೆ ಅಂಟಿರುವ ಮೊಟ್ಟೆಯನ್ನು ಇಟ್ಟ ಎರಡು ಮೂರು ಗಂಟೆ ಬಿಟ್ಟು ತೆಗೆದು ಬೇರೆ ಡಬ್ಬಕ್ಕೆ ಹಾಕಬೇಕು. ಅಷ್ಟರಲ್ಲಿ ಸಿಪ್ಪೆ ಗಟ್ಟಿಯಾಗಿರುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಉರುಳಿಸಿದರೆ ಬರುತ್ತದೆ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದಲೂ ಎಬ್ಬಿಸಬಹುದು. ಗಿಡದ ಎಲೆಯ ಮೇಲಿದ್ದರೆ ಎಲೆಯನ್ನೇ ಕತ್ತರಿಸಿ ತನ್ನಿ.

ಬಿಳಿ ಮೊಟ್ಟೆ

ಜನ ಜಾಸ್ತಿ ಕೇಳುವುದು ಇದನ್ನೇ, ಜಾಸ್ತಿ ತಪ್ಪು ಮಾಡುವುದೂ ಇಲ್ಲೇ.

ಒಳ್ಳೆಯ ಮೊಟ್ಟೆ ಇಟ್ಟಾಗ ಮಂಜು ಕವಿದ ಗಾಜಿನ ಮಣಿಯ ಹಾಗಿರುತ್ತದೆ. ಎರಡನೇ ದಿನಕ್ಕೆ ಬೆಲ್ಲದ ನೀರಿನ ಬಣ್ಣ ಬರುತ್ತದೆ. ಆಮೇಲೆ ಒಳಗೆ ಕಪ್ಪು ಗೆರೆ, ಕೊನೆಗೆ ಎರಡು ಕಣ್ಣು ಕಾಣುತ್ತವೆ. ಗಂಡಿನ ಬೀಜ ತಾಗದ ಮೊಟ್ಟೆ ಒಂದು ದಿನ, ಒಂದೂವರೆ ದಿನದೊಳಗೆ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಅದರ ಮೇಲೆ ಹತ್ತಿಯಂಥ ಬೂಸ್ಟು ಬೆಳೆಯುವುದು ಆಮೇಲೆ. ಬಾಟಲಿ ತರಲು ಓಡುವವರು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿರುತ್ತಾರೆ. ಬೂಸ್ಟು ಬಂದು ಮೊಟ್ಟೆ ಸತ್ತಿತು ಅಂತ ಅವರ ತಿಳಿವಳಿಕೆ. ಬಹಳ ಸಲ ಸತ್ತ ಮೊಟ್ಟೆಗೆ ಬೂಸ್ಟು ಬಂದಿರುತ್ತದೆ. ಕೆಟ್ಟ ಟೊಮೆಟೊ ಮೇಲೆ ಬೂಸ್ಟು ಬಂದ ಹಾಗೇ.

ಹಾಗಾಗಿ ಹೀಗೆ ನೋಡಿ. ಮೊದಲ ದಿನವೇ ಎಲ್ಲಾ ಕಡೆ ಚದುರಿದ ಹಾಗೆ, ಬೇರೆ ಬೇರೆ ಇರುವ ಮೊಟ್ಟೆಗಳೂ ಬೆಳ್ಳಗಾದರೆ ಗಂಡಿನ ಸಮಸ್ಯೆ. ಎರಡು ದಿನ ಚೆನ್ನಾಗಿದ್ದು, ಬಣ್ಣವೂ ಬಂದು, ಮೂರನೇ ದಿನ ಒಂದು ಗೊಂಚಲಿನಿಂದ ಶುರುವಾಗಿ ಪಕ್ಕದ್ದಕ್ಕೆ ಹಬ್ಬಿದರೆ ಬೂಸ್ಟಿನ ಸಮಸ್ಯೆ. ಮೊದಲನೆಯದಕ್ಕೆ ಔಷಧಿಯೇ ಇಲ್ಲ. ಎರಡನೆಯದಕ್ಕೆ ಮಾತ್ರ ಇದೆ.

ನನ್ನ ಅಳಿಯನಿಗೆ ಮುಂದಿನ ಸಲ ಮೊಟ್ಟೆ ಇಟ್ಟಾಗ ಬೆಳಿಗ್ಗೆ, ಸಂಜೆ ಒಂದೊಂದು ಫೋಟೊ ಕಳಿಸು ಅಂದೆ. ಮೊದಲ ದಿನ ಸಂಜೆಯ ಫೋಟೊದಲ್ಲೇ ಎಂಬತ್ತರಲ್ಲಿ ಎಪ್ಪತ್ತು ಬಿಳಿ. ಬೂಸ್ಟಿನ ಸುಳಿವೂ ಇಲ್ಲ. "ಈಗ ಟ್ಯಾಂಕಿನ ಮೇಲಿಂದ ಒಂದು ಫೋಟೊ ಹೊಡಿ" ಅಂದೆ. ಆರು ಮೀನು. ಐದು ದುಂಡಗೆ ಬದನೆಕಾಯಿಯ ಹಾಗಿವೆ. ಒಂದೇ ಒಂದು ಗಂಡು. ಪಾಪ, ಐದು ಹೆಣ್ಣಿಗೆ ಅದೊಂದೇ ಓಡಾಡಿ ಎಲ್ಲಿ ಸಾಲುತ್ತದೆ? ಅವನು ಮಾತ್ರ ಒಪ್ಪಲಿಲ್ಲ. "ಫಿಲ್ಟರ್ ಜೋರು ಜಾಸ್ತಿ ಆಯ್ತು ಮಾವ, ಅದಕ್ಕೇ ಬೀಜ ಕೊಚ್ಕೊಂಡು ಹೋಯ್ತದೆ" ಅಂತ ವಾದ.

ಈ ವಾದ ಬೇರೆ ಮೀನಿಗೆ ಸರಿ ಇರಬಹುದು. ಕೋರಿಯಲ್ಲಿ ಕಥೆ ಬೇರೆ. ಹೆಣ್ಣು ಬಂದು ಗಂಡಿನ ಹೊಟ್ಟೆಯ ಹತ್ತಿರ ಬಾಯಿ ಒತ್ತಿ ನಿಲ್ಲುತ್ತದೆ. ಎರಡೂ ಸೇರಿ ಇಂಗ್ಲಿಷ್ ಟಿ ಅಕ್ಷರದ ಹಾಗೆ ಕಾಣುತ್ತವೆ. ಅದೇ ಹೊತ್ತಿಗೆ ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಬುಟ್ಟಿಯ ಹಾಗೆ ಜೋಡಿಸಿ ಕೆಲವು ಮೊಟ್ಟೆ ಹಿಡಿದುಕೊಳ್ಳುತ್ತದೆ. 1995ರಲ್ಲಿ ಜಪಾನಿನ ಸಂಶೋಧಕರು ಬ್ರಾಂಜ್ ಕೋರಿಯಲ್ಲಿ ಇದನ್ನು ನೋಡಿ ಬರೆದರು: ಹೆಣ್ಣು ಗಂಡಿನ ಬೀಜವನ್ನು ಕುಡಿಯುತ್ತದೆ. ಅದು ಕರುಳಿನಲ್ಲಿ ಹಾದು ಕೆಲವೇ ಸೆಕೆಂಡಿನಲ್ಲಿ ಹಿಂದಿನಿಂದ ರೆಕ್ಕೆ ಬುಟ್ಟಿಯ ಮೊಟ್ಟೆಗೆ ಸೇರುತ್ತದೆ. ನೀರಿನಲ್ಲಿ ತೇಲಿ ಹೋಗುವ ಮಾತೇ ಕಡಿಮೆ. ಅದಕ್ಕೇ ಇವು ಫಿಲ್ಟರಿನ ನೀರು ಬೀಳುವ ಜಾಗದಲ್ಲೇ ಹೋಗಿ ಮೊಟ್ಟೆ ಅಂಟಿಸಿದರೂ ಏನೂ ಆಗುವುದಿಲ್ಲ. ಫಿಲ್ಟರ್ ಕಡಿಮೆ ಮಾಡಿದರೆ ಗಾಳಿ ಕಡಿಮೆಯಾಗಿ ಇರುವ ಮೊಟ್ಟೆಯೂ ಹೋಗುತ್ತದೆ.

ಇನ್ನು ನಿಜವಾದ ಬೂಸ್ಟಿಗೆ. ಮೊಟ್ಟೆಯನ್ನು ಗೊಂಚಲಾಗಿ ಬಿಡಬೇಡಿ, ಒಂದಕ್ಕೊಂದು ತಾಗದ ಹಾಗೆ ಹರಡಿ. ಐಸ್‌ಕ್ರೀಂ ಡಬ್ಬಕ್ಕೆ ಅದೇ ಟ್ಯಾಂಕಿನ ನೀರು, ಒಂದು ಏರ್‌ಸ್ಟೋನ್ (ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆ ಮಾಡುವ ಕಲ್ಲು). ಗುಳ್ಳೆ ನೇರ ಮೊಟ್ಟೆಗೆ ಹೊಡೆಯದಿರಲಿ, ನೀರು ಮಾತ್ರ ಸುತ್ತಲಿ. ಮೆಥಿಲೀನ್ ಬ್ಲೂ, ಅಂದರೆ ಆ ನೀಲಿ ಔಷಧಿ ಬಿಡುವುದಾದರೆ ತಿಳಿ ಆಕಾಶದ ಬಣ್ಣ ಬರುವಷ್ಟೇ. ನೀಲಿ ಶಾಯಿಯ ಹಾಗೆ ಮಾಡಿದರೆ ಮೊಟ್ಟೆ ಕಾಣುವುದೂ ಇಲ್ಲ, ಬದುಕುವುದೂ ಇಲ್ಲ. ಅದನ್ನು ದೊಡ್ಡ ಟ್ಯಾಂಕಿಗೆ ಮಾತ್ರ ಬಿಡಬೇಡಿ. ಫಿಲ್ಟರಿನಲ್ಲಿ ಬೆಳೆದಿರುವ ಒಳ್ಳೆಯ ಬ್ಯಾಕ್ಟೀರಿಯ ಸಾಯುತ್ತದೆ, ಗಾಜಿನ ಅಂಟು ಶಾಶ್ವತವಾಗಿ ನೀಲಿಯಾಗುತ್ತದೆ. ನಮ್ಮ ಹಾಲ್‌ನಲ್ಲಿರುವ ಮೀನಿನ ಟ್ಯಾಂಕಿನ ಅಂಚು ಇವತ್ತಿಗೂ ನೀಲಿ.

ನಾನೀಗ ಬಳಸುವುದು ಬಾದಾಮಿ ಎಲೆ. ನಮ್ಮ ರಸ್ತೆಗಳಲ್ಲಿ ಕೊಡೆಯ ಹಾಗೆ ಹರಡಿ ನಿಲ್ಲುತ್ತದಲ್ಲ, ಆ ಕಾಡು ಬಾದಾಮಿ ಮರದ್ದು. ಕೆಂಪಾಗಿ ತಾನೇ ಉದುರಿ ಒಣಗಿದ ಎಲೆ ಬೇಕು. ತೊಳೆದು ಅಂಗೈ ಅಗಲದ ತುಂಡು ಹಾಕಿದರೆ ನೀರು ತಿಳಿ ಟೀ ಬಣ್ಣಕ್ಕೆ ಬರುತ್ತದೆ, ಬೂಸ್ಟು ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಇದೇ ಎಲೆಗೆ ದುಡ್ಡು ಕೊಟ್ಟು ತಂದವರನ್ನು ನೋಡಿ ನಮ್ಮ ಬೀದಿ ಗುಡಿಸುವಾಕೆ ನಕ್ಕಿದ್ದಳು. ಬಿಳಿಯಾದ ಮೊಟ್ಟೆಯನ್ನು ದಿನಕ್ಕೆರಡು ಸಲ ಹೆಕ್ಕಿ ತೆಗೆಯಬೇಕು. ಚೆರ್ರಿ ಸಿಗಡಿ ನಾಲ್ಕು ಬಿಟ್ಟರೆ ಆ ಕೆಲಸವನ್ನು ಅವೇ ಮಾಡುತ್ತವೆ. ಸತ್ತದ್ದನ್ನು ತಿನ್ನುತ್ತವೆ, ಗಟ್ಟಿ ಮೊಟ್ಟೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಬಣ್ಣ ಬಂತು, ಒಡೆಯಲಿಲ್ಲ

ಅವಸರ ಬೇಡ. 26, 27 ಡಿಗ್ರಿಯಲ್ಲಿ ಬ್ರಾಂಜ್ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಚಳಿಗಾಲದಲ್ಲಿ ಹೀಟರ್ ಇಲ್ಲದೆ ಇಟ್ಟ ನನ್ನ ಪೆಪ್ಪರ್ಡ್ ಮೊಟ್ಟೆ ಆರನೇ ದಿನ ಒಡೆದಿದೆ. ಐದನೇ ದಿನಕ್ಕೇ "ಆಗಲಿಲ್ಲ" ಅಂತ ಗಿಡಕ್ಕೆ ಸುರಿದ ಒಂದು ಡಬ್ಬದ ನೆನಪು ಈಗಲೂ ಚುಚ್ಚುತ್ತದೆ.

ಒಳಗೆ ಕಣ್ಣು ಕಾಣುತ್ತಿದೆ, ಮಿಸುಕಾಡುತ್ತಿದೆ, ಆದರೂ ಒಡೆಯುತ್ತಿಲ್ಲ ಅಂದರೆ ಗಾಳಿ ಸಾಲದು, ಇಲ್ಲಾ ಸಿಪ್ಪೆ ಗಡುಸು. ಗಡಸು ಬೋರ್ ನೀರಿನಲ್ಲಿ ಇಟ್ಟ ಮೊಟ್ಟೆಯಲ್ಲಿ ನನಗೆ ಇದು ಜಾಸ್ತಿ ಕಂಡಿದೆ. ಮೆತ್ತನೆಯ ಪೇಂಟಿಂಗ್ ಬ್ರಷ್ಷಿನಿಂದ ಮೊಟ್ಟೆಯನ್ನು ಹಗುರಾಗಿ ಉರುಳಿಸಿದರೆ ಕೆಲವು ಒಡೆದು ಬರುತ್ತವೆ. ಎಲ್ಲವೂ ಅಲ್ಲ.

ಒಡೆದವು, ಐದಾರು ದಿನಕ್ಕೆ ಸತ್ತವು

ಒಡೆದ ಮೊದಲೆರಡು ದಿನ ಮರಿಗೆ ಊಟ ಬೇಡ. ಹೊಟ್ಟೆಯ ಕೆಳಗೆ ಹಳದಿ ಬುತ್ತಿ ಇರುತ್ತದೆ. ಅದು ಕರಗುವವರೆಗೆ ಏನು ಹಾಕಿದರೂ ಕೊಳೆಯುತ್ತದೆ. ಮೂರನೇ ದಿನದಿಂದ ಬೇಕು, ಆಗ ತಪ್ಪಿಸುವ ಹಾಗಿಲ್ಲ. ಹಾಗಾಗಿ ಐದನೇ, ಆರನೇ ದಿನದ ಸಾವಿಗೆ ಮೊದಲ ಅನುಮಾನ ಹಸಿವು. ಇದನ್ನು ಪರೀಕ್ಷೆ ಮಾಡುವುದು ಸುಲಭ. ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ, ಒಣ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತದೆ) ಮರಿ ಹಾಕಿ ಅರ್ಧ ಗಂಟೆ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಹೊಟ್ಟೆ ಕಿತ್ತಳೆ ಬಣ್ಣ ಆಗಿದ್ದರೆ ತಿಂದಿದೆ. ಖಾಲಿ ಕಂಡರೆ ಊಟ ಮುಟ್ಟಿಲ್ಲ, ಅಥವಾ ನೀವು ಹಾಕಿದ್ದು ಅದರ ಬಾಯಿಗೆ ದೊಡ್ಡದು. ಗುಳಿಗೆ ಪುಡಿ ಮಾಡಿ ಹಾಕಿದರೆ ಸಾಮಾನ್ಯವಾಗಿ ಹೀಗೇ ಆಗುವುದು.

ಆರ್ಟೀಮಿಯ ಒಡೆಸಲು ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ತಲೆಕೆಳಗು ಮಾಡಿದ ಸೋಡಾ ಬಾಟಲಿ, ಜೋರಾದ ಗಾಳಿ, 26ರಿಂದ 28 ಡಿಗ್ರಿ. ಒಂದು ದಿನ, ಚಳಿಯಲ್ಲಿ ಒಂದೂವರೆ ದಿನ. ಗಾಳಿ ನಿಲ್ಲಿಸಿ ಕೆಳಗೆ ಬೆಳಕು ಹಿಡಿದರೆ ಮರಿಗಳು ಬೆಳಕಿಗೆ ಬರುತ್ತವೆ, ಸಿಪ್ಪೆ ಮೇಲೆ ತೇಲುತ್ತದೆ. ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿ, ಸಿಹಿ ನೀರಲ್ಲಿ ತೊಳೆದು ಹಾಕಿ. ಬಟ್ಟೆ ಬೇರೆ ಇಟ್ಟುಕೊಳ್ಳಿ. ಮನೆಯಲ್ಲಿ ಫಿಲ್ಟರ್ ಕಾಫಿ ಕುಡಿಯುವವರಿದ್ದರೆ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಹಿ ನೀರಿಗೆ ಬಿದ್ದ ಆರ್ಟೀಮಿಯ ಕೆಲವು ಗಂಟೆ ಮಾತ್ರ ಬದುಕುತ್ತದೆ. ಉಳಿದದ್ದು ಸತ್ತು ಕೊಳೆಯುತ್ತದೆ. ಸ್ವಲ್ಪ ಸ್ವಲ್ಪ, ದಿನಕ್ಕೆ ಮೂರು ಸಲ.

ಎರಡನೇ ಅನುಮಾನ ನೆಲದ ಕೊಳೆ. ಕೋರಿ ಮರಿ ಹುಟ್ಟಿದಾಗಿನಿಂದ ತಳದಲ್ಲೇ ಹೊಟ್ಟೆ ಒರಗಿಸಿ ಇರುತ್ತದೆ. ಡಬ್ಬದ ತಳ ಬೆರಳಲ್ಲಿ ಉಜ್ಜಿ ನೋಡಿ. ಬೆಂಡೆಕಾಯಿ ಹೆಚ್ಚಿದ ಹಾಗೆ ಜಾರಿದರೆ ಅಲ್ಲಿ ಬ್ಯಾಕ್ಟೀರಿಯ ಹಾಸಿಕೊಂಡಿದೆ. ದಿನಾ ಒರೆಸಿ, ಸಣ್ಣ ಏರ್ ಟ್ಯೂಬಿನಿಂದ ಕೊಳೆ ಎಳೆದು, ಅಷ್ಟೇ ನೀರು ಹಾಕಬೇಕು.

ಇದೆಲ್ಲವನ್ನೂ ನಾನು ಮಾಡುತ್ತಿದ್ದೆ. ಹೊಟ್ಟೆ ಕಿತ್ತಳೆ, ತಳ ಸ್ವಚ್ಛ. ಆದರೂ ಮರಿ ಸಾಯುತ್ತಿದ್ದವು. ಎರಡು ದಿನ ಒಂದೂ ಸಾಯುವುದಿಲ್ಲ, ಮೂರನೇ ದಿನ ಎಂಟು. ಮತ್ತೆ ಸುಮ್ನೆ ಇರುತ್ತವೆ, ಮತ್ತೆ ಹತ್ತು. ಆರ್ಟೀಮಿಯ ಡಬ್ಬಿ ಬದಲಾಯಿಸಿದೆ. ಹೀಟರ್ ಬದಲಾಯಿಸಿದೆ. ಔಷಧಿಯನ್ನೂ ಬಿಟ್ಟೆ.

ಕೊನೆಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸತ್ತ ದಿನಗಳಿಗೆ ಇಂಟು ಹಾಕತೊಡಗಿದೆ. ಅದು ನನ್ನ ಹೆಂಡತಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್. ಮನೆಯ ನೀರಿನ ಸಂಪ್‌ಗೆ ಕಾವೇರಿ ನೀರು ಬಂದ ದಿನ "ಕಾ", ಅದು ಸಾಲದೆ ಬೋರ್ ಮೋಟರ್ ಹಾಕಿದ ದಿನ "ಬೋ" ಅಂತ ಮೂಲೆಯಲ್ಲಿ ಬರೆದಿರುತ್ತಾಳೆ. ಮೂರು ವಾರ ಆದ ಮೇಲೆ ಅವಳೇ ಕೇಳಿದಳು: "ಇದೇನ್ರೀ, ನಿಮ್ಮ ಇಂಟು ಎಲ್ಲಾ ನನ್ನ ಬೋ ಆದ ಮಾರನೇ ದಿನಾನೇ ಇದೆಯಲ್ಲ?"

ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹಿಡಿದುಕೊಂಡು ಕೂತೆ. ಕಾವೇರಿ ನೀರು 190. ಬೋರ್ 780. ಪಿಎಚ್ (ನೀರು ಹುಳಿಯೋ ಕ್ಷಾರವೋ ಹೇಳುವ ಅಂಕ) ನೋಡಿದರೆ ಕಾವೇರಿ 7.4, ಬೋರ್ ನೀರು ರಾತ್ರಿಯಿಡೀ ಗಾಳಿ ಆಡಿದ ಮೇಲೆ 8.3. ಬೋರಿನಿಂದ ಆಗಷ್ಟೇ ಬಂದ ನೀರಿನಲ್ಲಿ ನೋಡಿದರೆ ಅಷ್ಟು ತೋರಿಸುವುದಿಲ್ಲ. ಒಳಗೆ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋದ ಮೇಲೆ ಪಿಎಚ್ ಮೇಲೇರುತ್ತದೆ. ಅದಕ್ಕೇ ನಾನು ಮೊದಲು ಪರೀಕ್ಷೆ ಮಾಡಿದಾಗ ಏನೂ ಸಿಕ್ಕಿರಲಿಲ್ಲ.

ದೊಡ್ಡ ಮೀನಿಗೆ ಬೋರ್ ನೀರು ಒಗ್ಗುತ್ತದೆ. ಮಂಡ್ಯದ ಕಡೆ ಬರೀ ಬೋರ್ ನೀರಿನಲ್ಲೇ ಬ್ರಾಂಜ್ ಸಾಕಿ ಮರಿ ಮಾಡಿಸಿದವರೂ ಇದ್ದಾರೆ. ಮರಿಯನ್ನು ಕೊಲ್ಲುವುದು ಬೋರ್ ನೀರಲ್ಲ, ದಿಢೀರನೆ ಆಗುವ ಬದಲಾವಣೆ. ಇವತ್ತು 190, ನಾಳೆ 500 ಅಂದರೆ ಅಕ್ಕಿಕಾಳಿನಷ್ಟಿಲ್ಲದ ದೇಹ ತಡೆಯುವುದಿಲ್ಲ. ಅದರ ಜೊತೆ ಅಮೋನಿಯ. ಉಳಿದ ಊಟ, ಮರಿಯ ಗಲೀಜು ಎರಡರಿಂದಲೂ ಡಬ್ಬದಲ್ಲಿ ಸ್ವಲ್ಪ ಅಮೋನಿಯ ಇದ್ದೇ ಇರುತ್ತದೆ. ಪಿಎಚ್ 7ರ ಆಸುಪಾಸಿನಲ್ಲಿ ಅದರ ಬಹುಪಾಲು ಅಷ್ಟು ವಿಷವಲ್ಲದ ರೂಪದಲ್ಲಿರುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷದ ರೂಪ ಸುಮಾರು ಹತ್ತು ಪಟ್ಟು ಆಗುತ್ತದೆ. ಅಂದರೆ ನಿನ್ನೆ ಸಹಿಸಿಕೊಂಡಿದ್ದ ಕೊಳೆಯೇ ಇವತ್ತು ಕೊಲ್ಲುತ್ತದೆ. ನಾನು ನೀರು ಬದಲಾಯಿಸಿ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಪರಿಹಾರಕ್ಕೆ ಖರ್ಚಾಗಿದ್ದು ಒಂದು ನೂರು ಲೀಟರಿನ ನೀಲಿ ಡ್ರಮ್ಮಿಗೆ ಮಾತ್ರ. ಕಾವೇರಿ ನೀರು ಬಂದ ದಿನ ಸಂಪಿಗೆ ಬೀಳುವ ಮೊದಲೇ ಪೈಪಿನಿಂದ ಹಿಡಿದು ತುಂಬಿಸುತ್ತೇನೆ. ಕ್ಲೋರಿನ್ ತೆಗೆಯುವ ಹನಿ ಹಾಕಿ, ಏರ್‌ಸ್ಟೋನ್ ಬಿಟ್ಟು ಒಂದು ದಿನ ಇಡುತ್ತೇನೆ. ಮರಿಗಳಿಗೆ ಆ ಡ್ರಮ್ಮಿನ ನೀರು ಬಿಟ್ಟು ಬೇರೆ ಇಲ್ಲ. ಜುಲೈನಲ್ಲಿ ಕೆಆರ್‌ಎಸ್‌ಗೆ ಹೊಸ ನೀರು ಬಂದು ನಲ್ಲಿಯಲ್ಲಿ ಕೆಂಪು ನೀರು ಕಾಣುವ ದಿನಗಳಲ್ಲಿ ಡ್ರಮ್ ತುಂಬಿಸುವುದಿಲ್ಲ, ಇದ್ದದ್ದರಲ್ಲೇ ತೂಗಿಸುತ್ತೇನೆ. ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುವ ದಿನವೂ ಅಷ್ಟೇ.

ಬರೀ ಬೋರ್ ನೀರು ಇರುವ ಮನೆಯಾದರೆ ಚಿಂತೆ ಬೇಡ. ಮೊಟ್ಟೆಯಿಂದ ಹಿಡಿದು ಕೊನೆಯವರೆಗೂ ಅದೇ ನೀರು ಇರಲಿ, ಅದನ್ನೂ ಒಂದು ರಾತ್ರಿ ಗಾಳಿ ಆಡಿಸಿಯೇ ಹಾಕಿ. ಆರ್‌ಓ ನೀರು ಬೆರೆಸುತ್ತೀರಾದರೆ ಪ್ರತಿ ಸಲವೂ ಒಂದೇ ಅಳತೆ. ಬರೀ ಆರ್‌ಓ ನೀರಿನಲ್ಲಿ ಸಾಕುತ್ತೇನೆ ಅಂದರೆ ಅದೂ ತಪ್ಪು. ಅದರಲ್ಲಿ ಲವಣವೇ ಇರುವುದಿಲ್ಲ, ಪಿಎಚ್ ಯಾವಾಗ ಕುಸಿಯುತ್ತದೆ ಹೇಳಲಾಗುವುದಿಲ್ಲ.

ಎರಡು ಮೂರು ವಾರ ಆದ ಮೇಲೆ

ಇಷ್ಟು ದೂರ ಬಂದ ಮರಿ ಸಾಯತೊಡಗಿದರೆ ಡಬ್ಬ ಸಣ್ಣದಾಯಿತು ಅಂತ ಅರ್ಥ. ಐದು ಲೀಟರಿನಲ್ಲಿ ನೂರು ಮರಿ ಇಟ್ಟುಕೊಂಡು ಬೇರೆ ಕಾರಣ ಹುಡುಕಬಾರದು. ಚೆನ್ನಾಗಿ ಓಡಿದ ಸ್ಪಾಂಜ್ ಫಿಲ್ಟರ್ ಇರುವ ದೊಡ್ಡ ಟ್ಯಾಂಕಿಗೆ ಬದಲಾಯಿಸಿ. ಮೀಸೆ ಸವೆಯುತ್ತಿದ್ದರೆ ಜನ ಜಲ್ಲಿಯನ್ನು ಬೈಯುತ್ತಾರೆ. ಚೂಪು ಜಲ್ಲಿ ಒಳ್ಳೆಯದಲ್ಲ ನಿಜ, ಆದರೆ ನಯವಾದ ಮರಳಿನಲ್ಲೂ ಕೊಳೆ ಕೂತಿದ್ದರೆ ಮೀಸೆ ಹೋಗುತ್ತದೆ. ತೆಳ್ಳಗೆ ಮರಳು ಹಾಸಿ, ಸ್ವಚ್ಛ ಇಟ್ಟರೆ ಮತ್ತೆ ಬೆಳೆಯುತ್ತದೆ, ಬುಡ ಉಳಿದಿದ್ದರೆ.

ಆಗಾಗ ಮೇಲೆ ಹಾರಿ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಹೋಗುವುದು ರೋಗವಲ್ಲ. ಕೋರಿ ಕರುಳಿನಿಂದಲೂ ಉಸಿರಾಡುತ್ತದೆ. ಎಲ್ಲವೂ ನಿಮಿಷಕ್ಕೊಮ್ಮೆ ಹಾರುತ್ತಿದ್ದರೆ ಮಾತ್ರ ನೀರಿನಲ್ಲಿ ಗಾಳಿ ಕಡಿಮೆ ಅಂತ ತಿಳಿಯಿರಿ.

ಮೀನು ಸಾಗಿಸುವಾಗ ಸತ್ತರೆ

ಅಳಿಯನಿಗೆ ಎರಡು ಗಂಡು ಕೊಡುತ್ತೇನೆ ಅಂದೆ. ಮೈಸೂರಿನಿಂದ ಮಂಡ್ಯ ಸುಮಾರು 45 ಕಿಲೋಮೀಟರ್, ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಅಷ್ಟಕ್ಕೇ ಏನಾಗುತ್ತದೆ ಅಂತ ಬಲೆಯಲ್ಲಿ ಹಿಡಿದು, ಕವರಿಗೆ ಹಾಕಿ, ಕಟ್ಟಿ ಕೊಟ್ಟೆ. ಮದ್ದೂರು ವಡೆ ತಿಂದುಕೊಂಡು ಹೋಗಲು ಅವನೇನು ಬೆಂಗಳೂರಿಗೆ ಹೊರಟಿರಲಿಲ್ಲ. ಸೀದಾ ಮನೆಗೇ ಹೋದ. ಆದರೂ ಕವರ್ ಬಿಚ್ಚಿದಾಗ ಎರಡೂ ಸತ್ತಿದ್ದವು, ನೀರು ನೊರೆ ನೊರೆಯಾಗಿತ್ತು.

ಹೆದರಿದ ಕೋರಿ ಮುಳ್ಳಿನ ಬುಡದಿಂದ ಒಂದು ಥರ ವಿಷ ಬಿಡುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಅದು ಲೆಕ್ಕಕ್ಕಿಲ್ಲ. ಒಂದು ಲೀಟರ್ ಕವರಿನಲ್ಲಿ ಅದೇ ಮೀನನ್ನು ಕೊಲ್ಲುತ್ತದೆ. ಎರಡನೇ ಸಲ ಬಲೆ ಬಿಟ್ಟೆ. ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವುದೂ ಕಷ್ಟ, ಮೀನೂ ಹೆದರುತ್ತದೆ. ಪ್ಲಾಸ್ಟಿಕ್ ಡಬ್ಬದಲ್ಲಿ ಹಿಡಿದು ಬಕೆಟ್ಟಿಗೆ ಬಿಟ್ಟೆ. ಕಾಲು ಗಂಟೆ ಮುಚ್ಚಿಟ್ಟು ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಪ್ಯಾಕ್ ಮಾಡಿದೆ. ಮುಳ್ಳು ಚುಚ್ಚಿ ನೀರು ಸೋರದ ಹಾಗೆ ಎರಡು ಕವರ್, ಒಳಗೆ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಮೇಲೆ ನ್ಯೂಸ್‌ಪೇಪರ್ ಸುತ್ತಿದೆ. ಒಳಗೆ ಕತ್ತಲಿದ್ದರೆ ಗಲಾಟೆ ಮಾಡುವುದಿಲ್ಲ. ಹಿಂದಿನ ದಿನವೇ ಊಟ ನಿಲ್ಲಿಸಿದ್ದೆ.

ರಾತ್ರಿ ಫೋನ್ ಬಂತು. "ಮಾವ, ಎರಡೂ ಒಂದ್ ಮೂಲೇಲಿ ಮಲಗವೆ. ಅಲ್ಲಾಡ್ತಾನೇ ಇಲ್ಲ. ನೀಲಿ ಔಷಧಿ ಬಿಡ್ಲಾ?"

"ಕಿವಿರು ಆಡುತ್ತಿದೆಯಾ?"

"ಆಡ್ತದೆ."

"ಹಾಗಾದರೆ ಲೈಟ್ ಆಫ್ ಮಾಡಿ ನೀನೂ ಹೋಗಿ ಮಲಗು. ನಾಳೆ ಸಂಜೆವರೆಗೆ ಊಟ ಹಾಕಬೇಡ. ಇವತ್ತಿನ ತಾರೀಕು ಬರೆದಿಡು."